ವರ್ಗ ಕಟ್ಟುವ ಮುನ್ನ ಕಾಯುವವರನ್ನು ಹುಡುಕಿ

ಕುವೆಂಪು ಯಾವ ಜಿಲ್ಲೆಯವರು? ಯಾವ ಶಾಲೆಯ ಮಕ್ಕಳನ್ನು ಕೇಳಿದರೂ ಥಟ್ಟನೆ ಶಿವಮೊಗ್ಗ ಅನ್ನುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಅವರ ಊರು, ಸರಿ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಈಗಿನ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿಗೆ ಸೇರಿದ್ದು. ಕಾಲೇಜು ಓದಿದ್ದು, ಪಾಠ ಹೇಳಿದ್ದು, ಮಾನಸಗಂಗೋತ್ರಿ ಕಟ್ಟಿದ್ದು, 1994ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ. ಪುಸ್ತಕದಲ್ಲಾದರೆ ಇದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು. ಕನ್ನಡ ವಿಕಿಪೀಡಿಯದಂಥ ಕಡೆ ಅವರ ಪುಟದ ಅಡಿಗೆ ‘ವರ್ಗ’ (ಒಂದೇ ಬಗೆಯ ಪುಟಗಳನ್ನು ಒಟ್ಟುಗೂಡಿಸುವ ಗುರುತು) ಹಾಕಲು ಕೂತವರಿಗೆ ಆ ಅನುಕೂಲವಿಲ್ಲ. ‘ಶಿವಮೊಗ್ಗ ಜಿಲ್ಲೆಯ ವ್ಯಕ್ತಿಗಳು’ ಎಂದು ಸೇರಿಸಬೇಕೋ, ‘ಚಿಕ್ಕಮಗಳೂರು ಜಿಲ್ಲೆಯ ವ್ಯಕ್ತಿಗಳು’ ಎಂದೋ, ಎರಡನ್ನೂ ಸೇರಿಸಬೇಕೋ? ಎರಡನ್ನೂ ಸೇರಿಸಿದಿರಿ ಅನ್ನಿ, ನಾಳೆ ಇನ್ನೊಬ್ಬರು ಬಂದು ಒಂದನ್ನು ತೆಗೆಯುತ್ತಾರೆ. ನಾಡಿದ್ದು ಮತ್ತೊಬ್ಬರು ಅದನ್ನೇ ಮರಳಿ ಹಾಕುತ್ತಾರೆ. ಮೂವರೂ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು, ಮೂವರ ಉದ್ದೇಶವೂ ಒಳ್ಳೆಯದೇ.

ಹತ್ತಾರು ಮಂದಿ ಸೇರಿ ಬರೆಯುವ ಯಾವುದೇ ಮಾಹಿತಿಕೋಶಕ್ಕೆ ಈ ತಾಪತ್ರಯ ತಪ್ಪಿದ್ದಲ್ಲ. ನಿಮ್ಮ ಊರಿನ ಶಾಸನ, ದೇವಸ್ಥಾನ, ಕೆರೆಗಳ ವಿವರ ಕಲೆಹಾಕುವ ಚಿಕ್ಕ ತಾಣವಿರಬಹುದು, ಪಶ್ಚಿಮಘಟ್ಟದ ಗಿಡಮರಗಳ ಕೋಶವಿರಬಹುದು. ಶುರುವಿನಲ್ಲಿ ಎಲ್ಲರ ಉತ್ಸಾಹವೂ ವಿಷಯಗಳ ಪಟ್ಟಿ ಮಾಡುವುದರಲ್ಲೇ ಇರುತ್ತದೆ. ಒಂದು ಭಾನುವಾರ ಕೂತು ಇಡೀ ಜಗತ್ತನ್ನು ಮೂವತ್ತು ಖಾನೆಗಳಲ್ಲಿ ಹಂಚಿಬಿಡಬಹುದು. ಆ ಖಾನೆಗಳನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಆಮೇಲೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನನ್ನ ವಾದ ಇಷ್ಟೇ: ವಿಷಯ ವಿಂಗಡಣೆ, ಸ್ವಯಂಸೇವಕರ ನಿಯೋಜನೆ ಎರಡನ್ನೂ ಒಟ್ಟಿಗೇ ಯೋಚಿಸಬೇಕು, ಮತ್ತು ಕಾಯುವ ಕೈಗಳು ಎಷ್ಟಿವೆಯೋ ಅದನ್ನು ನೋಡಿಕೊಂಡೇ ವರ್ಗಗಳನ್ನು ತೆರೆಯಬೇಕು.

ಹತ್ತು ಲಕ್ಷ ಖಾನೆಗಳ ಪಾಡು

ಗೂಗಲ್ ಇನ್ನೂ ಕಣ್ಣುಬಿಡುತ್ತಿದ್ದ ಕಾಲ. 1998ರ ಜೂನ್‌ನಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ, ಬಾಬ್ ಟ್ರುಯೆಲ್ ಎಂಬಿಬ್ಬರು ಇಂಟರ್‌ನೆಟ್ಟಿನ ತಾಣಗಳನ್ನೆಲ್ಲ ಮನುಷ್ಯರ ಕೈಯಲ್ಲೇ ವಿಂಗಡಿಸಬೇಕೆಂದು ಹೊರಟರು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿ ಅದನ್ನು ಕೊಂಡಿತು. ಓಪನ್ ಡೈರೆಕ್ಟರಿ ಪ್ರಾಜೆಕ್ಟ್ ಎಂಬ ಹೆಸರು ಬಂತು, ಬಳಕೆಯಲ್ಲಿ ಡಿಮಾಜ್ ಎಂದಾಯಿತು. ಸಂಪಾದಕರಾಗಬೇಕಾದರೆ ಯಾವುದಾದರೂ ಒಂದು ವರ್ಗವನ್ನು ಆರಿಸಿ ಅರ್ಜಿ ಹಾಕಬೇಕಿತ್ತು. ಒಪ್ಪಿಗೆ ಸಿಕ್ಕರೆ ಆ ವರ್ಗ, ಅದರ ಕೆಳಗಿನ ಉಪವರ್ಗಗಳು ನಿಮ್ಮ ಸುಪರ್ದಿಗೆ. ಅಲ್ಲಿ ಯಾವ ತಾಣ ಸೇರಬೇಕು, ಯಾವುದು ಬೇಡ ಎಂದು ನೀವು ಹೇಳಿದ್ದೇ ಅಂತಿಮ ಎನ್ನುವಷ್ಟು ಹಿಡಿತ.

2017ರ ಮಾರ್ಚ್ 17ರಂದು ಅದು ಮುಚ್ಚಿತು. ಆ ಹೊತ್ತಿಗೆ ಅದರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ವರ್ಗಗಳಿದ್ದವು, ಪಟ್ಟಿಯಾದ ತಾಣಗಳು ಸುಮಾರು 38 ಲಕ್ಷ. ಭಾಗಿಸಿ ನೋಡಿ, ಒಂದು ವರ್ಗಕ್ಕೆ ನಾಲ್ಕು ತಾಣವೂ ಬರುವುದಿಲ್ಲ. ಶುರುವಿನಿಂದ ಕೊನೆಯವರೆಗೆ ಬಂದುಹೋದ ಸಂಪಾದಕರೆಲ್ಲ ಸೇರಿ ಸುಮಾರು 90 ಸಾವಿರ. ಅವರೆಲ್ಲ ಕೊನೆಯ ದಿನದವರೆಗೂ ಇದ್ದರೆಂದು ಹಿಡಿದರೂ ತಲೆಗೆ ಹನ್ನೊಂದು ವರ್ಗ ಬೀಳುತ್ತದೆ. ನಿಜದಲ್ಲಿ ಇದ್ದವರು ಅದರ ಸಣ್ಣ ಪಾಲು. ಒಬ್ಬ ಸಂಪಾದಕ ಕೆಲಸ ಬಿಟ್ಟುಹೋದರೆ ಅವನ ವರ್ಗಕ್ಕೆ ತಾಣ ಸೇರಿಸಲು ಬಂದ ಅರ್ಜಿಗಳು ಹಾಗೇ ಕೊಳೆಯುತ್ತಿದ್ದವು. ಹೊರಗಿನವರಿಗೆ ಬಾಗಿಲು ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ಹುಡುಕುಯಂತ್ರಗಳು ಬಂದದ್ದರಿಂದ ಡಿಮಾಜ್ ಸತ್ತಿತು ಎನ್ನುವುದುಂಟು. ಅದು ಅರ್ಧ ಕಾರಣ. ಇನ್ನರ್ಧ ಈ ಲೆಕ್ಕದಲ್ಲೇ ಇದೆ.

ವಿಕಿಪೀಡಿಯ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 2001ರ ಜನವರಿಯಲ್ಲಿ ಆರಂಭವಾದಾಗ ಅಲ್ಲಿ ವರ್ಗಗಳೇ ಇರಲಿಲ್ಲ. ಅದನ್ನು ನಡೆಸುವ ಮೀಡಿಯವಿಕಿ ತಂತ್ರಾಂಶಕ್ಕೆ ಆ ಸೌಲಭ್ಯ ಬಂದದ್ದು 2004ರಲ್ಲಿ, ಲೇಖನಗಳು ಲಕ್ಷಗಟ್ಟಲೆ ತುಂಬಿದ ಮೇಲೆ. ಯಾವ ವರ್ಗವೂ ಯಾರ ಸುಪರ್ದಿಯಲ್ಲೂ ಇಲ್ಲ, ಖಾತೆ ತೆರೆದ ಯಾರು ಬೇಕಾದರೂ ಹೊಸದನ್ನು ಹುಟ್ಟಿಸಬಹುದು. ಇಲ್ಲಿ ಬಾಗಿಲು ಮುಚ್ಚುವ ಭಯವಿಲ್ಲ, ಕಸ ತುಂಬುವ ಭಯವಿದೆ. 2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ತಿಂಗಳಿಗೆ ಐದು ತಿದ್ದುಗೆ ಮಾಡಿದವರನ್ನೇ ಸಕ್ರಿಯರೆಂದು ಎಣಿಸುವುದು ಅಲ್ಲಿನ ರೂಢಿ. ಅಷ್ಟು ಸಡಿಲ ಅಳತೆಯಲ್ಲೂ ನಮ್ಮ ಬಳಗ ಚಿಕ್ಕದು. ಹಾಗಾಗಿ ಇಂಗ್ಲಿಷಿನ ವರ್ಗವೃಕ್ಷವನ್ನು ಇದ್ದಹಾಗೇ ಕನ್ನಡಕ್ಕೆ ಇಳಿಸುವ ಆಸೆಯನ್ನು ಮೊದಲು ಬಿಡಬೇಕು. ಅಲ್ಲಿ ಒಂದು ವರ್ಗಕ್ಕೆ ನೂರು ಪುಟಗಳಿದ್ದರೆ ಇಲ್ಲಿ ಒಂದಿರುತ್ತದೆ. ಒಂದೇ ಪುಟವಿರುವ ವರ್ಗದಿಂದ ಓದುಗನಿಗೆ ಏನೂ ಸಿಕ್ಕುವುದಿಲ್ಲ: ಅವನು ಯಾವ ಪುಟದಿಂದ ಬಂದನೋ ಅಲ್ಲಿಗೇ ಮರಳುತ್ತಾನೆ.

ನಾನು ಪಾಲಿಸುವ ಅಳತೆ ಹೀಗಿದೆ. ಐದು ಪುಟಗಳಾದರೂ ಸಿಗುವವರೆಗೆ ಹೊಸ ವರ್ಗ ಬೇಡ. ಮೀಡಿಯವಿಕಿ ಒಂದು ಸಲಕ್ಕೆ 200 ಹೆಸರುಗಳನ್ನು ತೋರಿಸುತ್ತದೆ. ಪಟ್ಟಿ ಎರಡನೆಯ ಪುಟಕ್ಕೆ ಹೊರಳಿದಾಗ ಒಡೆಯುವ ಯೋಚನೆ ಮಾಡಬಹುದು. ‘ಇತರೆ’ ಎಂಬ ವರ್ಗವನ್ನಂತೂ ಯಾವ ಕಾರಣಕ್ಕೂ ತೆರೆಯಬೇಡಿ. ತೆರೆದ ತಿಂಗಳಿಗೆ ಅದೇ ನಿಮ್ಮ ತಾಣದ ಅತಿ ದೊಡ್ಡ ವರ್ಗವಾಗಿರುತ್ತದೆ. ಎಲ್ಲಿಗೆ ಸೇರಿಸಬೇಕೆಂದು ತಿಳಿಯದ ಪುಟಗಳಿಗೆ ‘ವಿಂಗಡಣೆ ಬಾಕಿ ಇರುವ ಪುಟಗಳು’ ಎಂಬ ಹೆಸರಿಟ್ಟು ಓದುಗರಿಗೆ ಕಾಣದಂತೆ ಅಡಗಿಸಿಡಿ. ಬಾಕಿ ಎಂಬ ಹೆಸರಿದ್ದರೆ ಯಾರಾದರೂ ತೀರಿಸುತ್ತಾರೆ.

ಮರವೇ ಬೇಕೆಂದಿಲ್ಲ

ವರ್ಗ ಎಂದರೆ ಎಲ್ಲರ ಮನಸ್ಸಿಗೂ ಬರುವುದು ಮರದ ಚಿತ್ರ: ಬುಡದಲ್ಲಿ ‘ಕರ್ನಾಟಕ’, ಕೊಂಬೆಯಲ್ಲಿ ‘ಸಾಹಿತ್ಯ’, ರೆಂಬೆಯಲ್ಲಿ ‘ಕವಿಗಳು’. ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು, ಅವರಿಗೆ ವಿಷಯಗಳ ಕ್ರಮದ ಬಗ್ಗೆ ಯಾರ ಜೊತೆಗೂ ಚೌಕಾಸಿ ಮಾಡುವ ಗರಜು ಇರಲಿಲ್ಲ. ಹತ್ತು ಮಂದಿ ಸೇರಿದಾಗ ಮರದ ಮೊದಲ ಕೊಂಬೆ ಯಾವುದು ಎಂಬಲ್ಲೇ ಜಗಳ ಶುರುವಾಗುತ್ತದೆ. ಮೊದಲು ಜಿಲ್ಲೆಯೋ, ಮೊದಲು ಕಾಲವೋ, ಮೊದಲು ಕಸುಬೋ?

ಈ ಜಗಳಕ್ಕೆ ಪರಿಹಾರ ಹೇಳಿದ ದೊಡ್ಡವರೊಬ್ಬರು ಕಡೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್. 1933ರಲ್ಲಿ ಅವರ ಕೋಲನ್ ವರ್ಗೀಕರಣ ಹೊರಬಂತು, 1962ರಲ್ಲಿ ಅವರು ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಪ್ರತಿಯೊಂದು ಪುಸ್ತಕಕ್ಕೂ ಮರದಲ್ಲಿ ಒಂದೇ ಜಾಗ ಹುಡುಕುವ ಡ್ಯೂಯಿ ಪದ್ಧತಿಯ ಬದಲು ಅವರು ವಿಷಯವನ್ನು ಮುಖಗಳಾಗಿ ಬಿಡಿಸಿದರು. ಈ ಬರಹ ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ ಎಂದು ಬೇರೆ ಬೇರೆ ಕೇಳಿ, ಉತ್ತರಗಳನ್ನು ಪಕ್ಕಪಕ್ಕ ಜೋಡಿಸುವುದು.

ವಿಕಿಯಲ್ಲಿ ಇದನ್ನು ಹೀಗೆ ಬಳಸಬಹುದು. ‘ಶಿವಮೊಗ್ಗ ಜಿಲ್ಲೆಯ 20ನೆಯ ಶತಮಾನದ ಕನ್ನಡ ಕವಿಗಳು’ ಎಂಬ ಉದ್ದದ ವರ್ಗವನ್ನು ಕಟ್ಟಬೇಡಿ. ಪುಟಕ್ಕೆ ‘ಕನ್ನಡ ಕವಿಗಳು’, ‘ಶಿವಮೊಗ್ಗ ಜಿಲ್ಲೆಯ ವ್ಯಕ್ತಿಗಳು’, ‘1904ರಲ್ಲಿ ಜನಿಸಿದವರು’, ‘ಜ್ಞಾನಪೀಠ ಪ್ರಶಸ್ತಿ ಪುರಸ್ಕೃತರು’ ಎಂದು ಬಿಡಿಬಿಡಿಯಾಗಿ ಸೇರಿಸಿ. ಎರಡು ಮೂರು ವರ್ಗಗಳಲ್ಲೂ ಇರುವ ಪುಟಗಳನ್ನು ಹುಡುಕಿ ಕೊಡಲು ಪೆಟ್‌ಸ್ಕ್ಯಾನ್ ಎಂಬ ಸಲಕರಣೆ ಇದೆ. ಸಾಮಾನ್ಯ ಓದುಗರು ಅದನ್ನು ಮುಟ್ಟುವುದಿಲ್ಲವೆಂಬುದು ಗೊತ್ತು. ಹಾಗಾಗಿ ಜನ ನಿಜವಾಗಿಯೂ ಹುಡುಕುವ ಜೋಡಣೆಗಳನ್ನು, ‘ಕನ್ನಡ ಕಾದಂಬರಿಕಾರರು’, ‘ಹಾಸನ ಜಿಲ್ಲೆಯ ದೇವಸ್ಥಾನಗಳು’ ಇಂಥವನ್ನು, ಕಟ್ಟಿಡಬೇಕು. ಉಳಿದದ್ದು ಬೇಡ. ಕುವೆಂಪು ಪುಟದ ಜಿಲ್ಲೆಯ ಜಗಳಕ್ಕೂ ಇಲ್ಲೇ ಉತ್ತರವಿದೆ: ‘ಇಲ್ಲಿ ಹುಟ್ಟಿದವರು ಮಾತ್ರ’ ಎಂದೋ, ‘ಹುಟ್ಟಿದವರು, ಬೆಳೆದವರು ಇಬ್ಬರೂ’ ಎಂದೋ ಜಿಲ್ಲಾವರ್ಗದ ಪುಟದಲ್ಲಿ ಒಂದು ಸಾಲು ಬರೆದಿಟ್ಟರೆ ಮೂವರು ಸ್ವಯಂಸೇವಕರ ಮೂರು ವಾರ ಉಳಿಯುತ್ತದೆ. ಯಾವುದನ್ನು ಬರೆಯುತ್ತೀರಿ ಎನ್ನುವುದಕ್ಕಿಂತ ಬರೆದಿಡುವುದು ಮುಖ್ಯ. ನನ್ನ ಮತ ಎರಡನೆಯದಕ್ಕೆ, ಕುಪ್ಪಳಿಯ ಕವಿಮನೆ ನೋಡಿಬಂದವರು ಶಿವಮೊಗ್ಗದಲ್ಲೇ ಅವರನ್ನು ಹುಡುಕುತ್ತಾರೆ.

ಭಾಷೆ, ರಾಜ್ಯ ಎರಡನ್ನೂ ಒಂದೇ ಎಂದು ಬೆಸೆಯುವುದು ನಮ್ಮಲ್ಲಿ ಪದೇ ಪದೇ ಆಗುವ ಎಡವಟ್ಟು. ಮಂಜೇಶ್ವರದ ಗೋವಿಂದ ಪೈ, ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈ ಇಬ್ಬರೂ ಕನ್ನಡ ಕವಿಗಳು. ಅವರ ಊರುಗಳಿರುವುದು ಕೇರಳದಲ್ಲಿ. ಇತ್ತ ತುಳು, ಕೊಡವ, ಕೊಂಕಣಿ, ಬ್ಯಾರಿಯಲ್ಲಿ ಬರೆಯುವವರು ಕರ್ನಾಟಕದವರು, ಕನ್ನಡ ಕವಿಗಳಲ್ಲ. ‘ಕನ್ನಡ ಕವಿಗಳು’ ವರ್ಗವನ್ನು ‘ಕರ್ನಾಟಕ’ದ ಕೆಳಗೆ ತೂರಿಸಿದರೆ ಒಂದು ಬದಿಗೆ ಸೇರಬಾರದವರು ಸೇರುತ್ತಾರೆ, ಇನ್ನೊಂದು ಬದಿಗೆ ಸೇರಬೇಕಾದವರು ಬಿಟ್ಟುಹೋಗುತ್ತಾರೆ. ಜೊತೆಗೆ ಸುಳಿಯೂ ಹುಟ್ಟುತ್ತದೆ. ‘ಕರ್ನಾಟಕ’ದೊಳಗೆ ‘ಕನ್ನಡ’, ‘ಕನ್ನಡ’ದೊಳಗೆ ‘ಕನ್ನಡನಾಡು’, ಅದರೊಳಗೆ ಮತ್ತೆ ‘ಕರ್ನಾಟಕ’. ತಂತ್ರಾಂಶ ಇದನ್ನು ತಡೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಮೇಲಿನ ಹತ್ತು ವರ್ಗಗಳಿಂದ ಕೆಳಗಿಳಿಯುತ್ತ ಹೋಗಿ ಮನುಷ್ಯರೇ ನೋಡಬೇಕು.

ವಿಂಗಡಣೆ ನಿರುಪದ್ರವಿ ಕೆಲಸವೆಂದು ತಿಳಿದವರಿಗೆ 2013ರ ಏಪ್ರಿಲ್‌ನ ಪ್ರಸಂಗ ಹೇಳಬೇಕು. ಅಮೆರಿಕದ ಕಾದಂಬರಿಗಾರ್ತಿ ಅಮಾಂಡಾ ಫಿಲಿಪಾಚಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಂದು ಲೇಖನ ಬರೆದರು. ಇಂಗ್ಲಿಷ್ ವಿಕಿಪೀಡಿಯದ ‘ಅಮೆರಿಕನ್ ಕಾದಂಬರಿಕಾರರು’ ವರ್ಗದಿಂದ ಹೆಂಗಸರ ಹೆಸರುಗಳು ಒಂದೊಂದಾಗಿ ಮಾಯವಾಗುತ್ತಿದ್ದುದನ್ನು ಅವರು ಗಮನಿಸಿದ್ದರು. ಯಾರೋ ಅವರನ್ನೆಲ್ಲ ‘ಅಮೆರಿಕನ್ ಮಹಿಳಾ ಕಾದಂಬರಿಕಾರರು’ ಎಂಬ ಉಪವರ್ಗಕ್ಕೆ ಸಾಗಿಸುತ್ತಿದ್ದರು. ‘ಪಟ್ಟಿ ಉದ್ದವಾಯಿತು, ಉಪವರ್ಗ ಮಾಡೋಣ’ ಎಂಬ ಶುದ್ಧ ನಿರ್ವಹಣೆಯ ಲೆಕ್ಕಾಚಾರ ಅದು. ಪರಿಣಾಮವೋ, ಮುಖ್ಯ ಪಟ್ಟಿಯಲ್ಲಿ ಉಳಿದದ್ದು ಗಂಡಸರು. ನಮ್ಮಲ್ಲೂ ಅಷ್ಟೇ. ‘ಕನ್ನಡ ಕಾದಂಬರಿಕಾರರು’ ಪಟ್ಟಿಯನ್ನು ಹಗುರ ಮಾಡಲೆಂದು ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರನ್ನು ‘ಲೇಖಕಿಯರು’ ಖಾನೆಗೆ ಕಳಿಸಿದರೆ ಮುಖ್ಯ ಪಟ್ಟಿ ಸುಳ್ಳು ಹೇಳಲು ಶುರುಮಾಡುತ್ತದೆ. ಇದಕ್ಕೆ ನಿಯಮ ಸರಳ: ಲಿಂಗ, ಜನಾಂಗ, ಧರ್ಮದ ಆಧಾರದ ಉಪವರ್ಗ ಇದ್ದರೂ ಮುಖ್ಯವರ್ಗದಲ್ಲಿ ಹೆಸರು ಹಾಗೇ ಉಳಿಯಬೇಕು. ಜಾತಿಯ ವಿಷಯದಲ್ಲಿ ನಾನು ಇನ್ನೂ ಬಿಗಿ. ಬದುಕಿರುವ ವ್ಯಕ್ತಿ ತಾನಾಗಿ ಹೇಳಿಕೊಂಡದ್ದು ಅಚ್ಚಾಗಿರದಿದ್ದರೆ, ಮತ್ತು ಅದಕ್ಕೂ ಆತನ ಕೆಲಸಕ್ಕೂ ಸಂಬಂಧವಿಲ್ಲದಿದ್ದರೆ, ಜಾತಿಯ ವರ್ಗ ಹಚ್ಚಕೂಡದು. ‘ಎಲ್ಲರಿಗೂ ಗೊತ್ತಿರುವುದೇ’ ಎಂಬುದು ಆಧಾರವಾಗುವುದಿಲ್ಲ.

ಕಣ್ಣಿಗೆ ಕಾಣದ ಅಕ್ಷರ

ಇನ್ನು ಕನ್ನಡದ ಖಾಸಾ ಕಾಟಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಫ್ಟ್ ಮತ್ತು ವೇ ನಡುವೆ ಒತ್ತು ಬೀಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತೇವೆ, ಶೂನ್ಯ ಅಗಲದ್ದು. ಅದಿಲ್ಲದಿದ್ದರೆ ‘ಸಾಫ್ಟ್ವೇರ್’ ಆಗುತ್ತದೆ. ಓದುಗನಿಗೆ ಎರಡೂ ಒಂದೇ, ಗಣಕಕ್ಕೆ ಎರಡು ಬೇರೆ ಬೇರೆ ಹೆಸರು. ಹಾಗಾಗಿ ಎರಡು ವರ್ಗಗಳು ಹುಟ್ಟುತ್ತವೆ, ಅರ್ಧ ಲೇಖನ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಇದಕ್ಕಿಂತ ಕೆಟ್ಟದ್ದೂ ಉಂಟು: ಹೆಸರಿನ ಕೊನೆಯ ಅರ್ಧಾಕ್ಷರದ ಬಾಲಕ್ಕೆ ಆ ಅಕ್ಷರ ಅಂಟಿಕೊಂಡಿದ್ದರೆ ತೆರೆಯ ಮೇಲೆ ಯಾವ ವ್ಯತ್ಯಾಸವೂ ತೋರುವುದಿಲ್ಲ. ರಾಜ್‌ಕುಮಾರ್, ರಾಜ್ ಕುಮಾರ್, ರಾಜಕುಮಾರ್ ಕಥೆಯೂ ಇದೇ. ‘ಚಲನಚಿತ್ರ’, ‘ಸಿನಿಮಾ’, ‘ಚಿತ್ರ’ ಎಂದು ಮೂರು ಮಂದಿ ಮೂರು ಹೆಸರಿಟ್ಟರಂತೂ ಮುಗಿಯಿತು.

ಇದಕ್ಕೆ ಉಪದೇಶದಿಂದ ಪ್ರಯೋಜನವಿಲ್ಲ, ಸಲಕರಣೆ ಬೇಕು. ಹಾಟ್‌ಕ್ಯಾಟ್ ಎಂಬುದನ್ನು ಖಾತೆಯಲ್ಲಿ ಚಾಲೂ ಮಾಡಿಕೊಂಡರೆ ಪುಟದ ಅಡಿಯಲ್ಲಿ ವರ್ಗಗಳ ಪಕ್ಕ ಕೂಡಿಸುವ ಚಿಹ್ನೆ ಬರುತ್ತದೆ. ಅದನ್ನು ಒತ್ತಿ ಎರಡಕ್ಷರ ಟೈಪಿಸಿದರೆ ಆಗಲೇ ಇರುವ ವರ್ಗಗಳ ಹೆಸರುಗಳು ಕೆಳಗಿಳಿಯುತ್ತವೆ. ಆರಿಸಿದರೆ ಸಾಕು. ಕೈಯಾರೆ ಟೈಪಿಸುವುದನ್ನು ಎಷ್ಟು ಕಡಿಮೆ ಮಾಡುತ್ತೇವೋ ಅಷ್ಟು ಅವಳಿ ವರ್ಗಗಳು ತಪ್ಪುತ್ತವೆ. ಹಾಗಿದ್ದೂ ಹುಟ್ಟಿದವನ್ನು ಹಿಡಿಯಲು ವಿಶೇಷ ಪುಟಗಳಲ್ಲಿ ಒಂದು ಪಟ್ಟಿ ಇದೆ. ಮೀಡಿಯವಿಕಿಯಲ್ಲಿ ವರ್ಗದ ಪುಟವನ್ನು ಯಾರೂ ಸೃಷ್ಟಿಸದಿದ್ದರೂ ಲೇಖನಗಳು ಅದರಡಿ ಸೇರಿಕೊಳ್ಳುತ್ತವೆ. ಹೆಸರು ಕೆಂಪಗೆ ಕಾಣುತ್ತದೆ. ಅಂಥ ಕೆಂಪು ವರ್ಗಗಳೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಇಂಗ್ಲಿಷ್ ಲೇಖನವನ್ನು ನಕಲಿಸಿ ಅನುವಾದಿಸುವಾಗ ಜೊತೆಗೇ ಬಂದುಬಿಟ್ಟ ಇಂಗ್ಲಿಷ್ ವರ್ಗಗಳೂ ಅಲ್ಲೇ ಸಿಗುತ್ತವೆ.

ಅಕಾರಾದಿಯದು ಇನ್ನೊಂದು ರಗಳೆ. ‘ಕೆ.ಎಸ್. ನರಸಿಂಹಸ್ವಾಮಿ’, ‘ಕೆ.ಎಸ್. ನಿಸಾರ್ ಅಹಮದ್’, ‘ಕೆ.ವಿ. ಪುಟ್ಟಪ್ಪ’ ಎಲ್ಲರೂ ಕ ಅಕ್ಷರದಡಿ ಒಟ್ಟಾಗುತ್ತಾರೆ. ಇಂಗ್ಲಿಷಿನವರ ಹಾಗೆ ಮನೆತನದ ಹೆಸರಿನ ಮೇಲೆ ಜೋಡಿಸೋಣವೆಂದರೆ ನಮ್ಮಲ್ಲಿ ಹಲವರಿಗೆ ಅದಿಲ್ಲ. ಮುಂದಿನ ಅಕ್ಷರಗಳು ಊರಿನವು, ತಂದೆಯವು. ಜನ ಕರೆಯುವ ಹೆಸರನ್ನೇ ಕೀಲಿಯಾಗಿಸುವುದು ಒಳ್ಳೆಯದು. ವರ್ಗ ಬರೆಯುವಾಗ [[ವರ್ಗ:ಕನ್ನಡ ಕವಿಗಳು|ನರಸಿಂಹಸ್ವಾಮಿ]] ಎಂದು ನಡುಗೆರೆಯ ನಂತರ ಆ ಹೆಸರು ಕೊಟ್ಟರೆ ಪಟ್ಟಿಯಲ್ಲಿ ನ ಅಕ್ಷರದಡಿ ಬರುತ್ತಾರೆ. ಬೇಂದ್ರೆ, ಕಾರಂತ, ಗೋಕಾಕರಂಥವರಿಗೆ ಮನೆತನದ ಹೆಸರೇ ಜನ ಕರೆಯುವ ಹೆಸರಾದ್ದರಿಂದ ಅಲ್ಲಿ ಗೊಂದಲವಿಲ್ಲ.

ಕೆಲಸ ಹಂಚುವ ಬಗೆ

ಸ್ವಯಂಸೇವಕರನ್ನು ವಿಷಯದ ಪ್ರಕಾರ ನೇಮಿಸುವುದು ಎಲ್ಲರಿಗೂ ಹೊಳೆಯುವ ದಾರಿ: ಇತಿಹಾಸಕ್ಕೆ ಇವರು, ವಿಜ್ಞಾನಕ್ಕೆ ಅವರು. ಐವತ್ತು ಮಂದಿ ಇದ್ದಾಗ ಇದು ನಡೆಯುತ್ತದೆ. ಎಂಟು ಮಂದಿ ಇದ್ದಾಗ ಡಿಮಾಜ್‌ಗೆ ಆದದ್ದೇ ಆಗುತ್ತದೆ, ವಿಜ್ಞಾನದವರಿಗೆ ಪರೀಕ್ಷೆ ಬಂತೆಂದರೆ ವಿಜ್ಞಾನವೇ ನಿಂತುಹೋಗುತ್ತದೆ. ಚಿಕ್ಕ ಬಳಗಕ್ಕೆ ಮದುವೆ ಊಟದ ಪಂಕ್ತಿಯ ಪದ್ಧತಿ ವಾಸಿ. ಅಲ್ಲಿ ಬಡಿಸುವವರು ಸಾಲುಗಳನ್ನು ಹಂಚಿಕೊಳ್ಳುವುದಿಲ್ಲ; ಉಪ್ಪಿನಕಾಯಿಗೊಬ್ಬ, ಅನ್ನಕ್ಕೊಬ್ಬ, ಸಾರಿಗೊಬ್ಬ ಎಂದು ಎಲ್ಲ ಸಾಲುಗಳಲ್ಲೂ ಓಡಾಡುತ್ತಾರೆ. ಹಾಗೆಯೇ ಒಬ್ಬರು ಕೆಂಪು ವರ್ಗಗಳನ್ನು ನೋಡಲಿ, ಇನ್ನೊಬ್ಬರು ವರ್ಗವೇ ಇಲ್ಲದ ಪುಟಗಳನ್ನು, ಮತ್ತೊಬ್ಬರು ಹೊಸ ಪುಟಗಳನ್ನು, ಇನ್ನೊಬ್ಬರು ಅವಳಿ ವರ್ಗಗಳನ್ನು. ಕೆಲಸ ಚಿಕ್ಕದಾಗಿದ್ದರೆ ವಾರಕ್ಕೆ ಅರ್ಧ ಗಂಟೆ ಇದ್ದವರೂ ಸೇರಬಹುದು. ಪ್ರತಿ ಕೆಲಸಕ್ಕೆ ಇಬ್ಬರ ಹೆಸರಿರಲಿ, ಒಬ್ಬರಿಗೆ ಜ್ವರ ಬಂದರೂ ನಡೆಯಬೇಕು.

ಹೊಸಬರಿಗೆ ಮೊದಲು ಕೊಡಬೇಕಾದದ್ದು ಈ ವಿಂಗಡಣೆಯ ಕೆಲಸವನ್ನೇ. ಲೇಖನ ಬರೆಯಲು ಭಯವಿರುತ್ತದೆ, ಉಲ್ಲೇಖ ಹುಡುಕಲು ಗೊತ್ತಿರುವುದಿಲ್ಲ. ವರ್ಗವಿಲ್ಲದ ಹತ್ತು ಪುಟಗಳನ್ನು ಕೊಟ್ಟು, ಓದಿ, ಹಾಟ್‌ಕ್ಯಾಟ್‌ನಲ್ಲಿ ಎರಡು ಮೂರು ವರ್ಗ ಹಾಕಿ ಎಂದರೆ ಒಂದು ಸಂಜೆಯಲ್ಲಿ ತಾಣದ ಸ್ವರೂಪವೇ ತಿಳಿಯುತ್ತದೆ. ಕಾಲೇಜುಗಳಲ್ಲಿ ಸಂಪಾದನೋತ್ಸವ ನಡೆಸುವಾಗ ಲೇಖನಗಳ ಸಂಖ್ಯೆಯನ್ನೇ ಗುರಿಯಾಗಿಸುತ್ತಾರೆ. ಉತ್ಸವ ಮುಗಿದ ಮೇಲೆ ಅರೆಬರೆ ಪುಟಗಳು ರಾಶಿ ಬೀಳುತ್ತವೆ, ಬರೆದ ಮಕ್ಕಳು ಸೆಮಿಸ್ಟರ್ ಮುಗಿಸಿ ಹೋಗಿರುತ್ತಾರೆ, ಒಪ್ಪ ಮಾಡುವ ಹೊಣೆ ಅದೇ ಹಳೇ ನಾಲ್ವರ ತಲೆಗೆ. ಒಂದು ಉತ್ಸವವನ್ನಾದರೂ ಹೊಸ ಲೇಖನವಿಲ್ಲದೆ, ಬರೀ ವರ್ಗೀಕರಣಕ್ಕೆ ಮೀಸಲಿಟ್ಟು ನೋಡಿ. ಫೋಟೋಗೆ ಅಷ್ಟೇನೂ ಚೆನ್ನಾಗಿರುವುದಿಲ್ಲ, ಅದೊಂದೇ ತೊಂದರೆ.

ಹೊಸಬರ ವರ್ಗ ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸಬೇಡಿ. ತಿದ್ದುಗೆಯ ಸಾರಾಂಶದ ಜಾಗದಲ್ಲಿ ‘ಇಂಥ ವರ್ಗ ಆಗಲೇ ಇದೆ, ಅದಕ್ಕೆ ಬದಲಿಸಿದ್ದೇನೆ’ ಎಂದು ಒಂದು ಸಾಲು ಬರೆಯಿರಿ. ಕಾರಣ ಹೇಳದೆ ಎರಡು ಸಲ ಅಳಿಸಿಕೊಂಡವರು ಮೂರನೆಯ ಸಲ ಬರುವುದು ಅಪರೂಪ. ಭಿನ್ನಾಭಿಪ್ರಾಯ ಎರಡು ಸುತ್ತು ದಾಟಿತೆಂದರೆ ಪುಟದಲ್ಲಿ ಹಗ್ಗಜಗ್ಗಾಟ ನಿಲ್ಲಿಸಿ ವರ್ಗದ ಚರ್ಚಾಪುಟಕ್ಕೆ ಹೋಗಬೇಕು. ಅಲ್ಲೂ ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡುವ ‘ಅರಳಿ ಕಟ್ಟೆ’ ಇದೆ. ನಿರ್ಧಾರವಾದ ಮೇಲೆ ಅದನ್ನು ವರ್ಗದ ಪುಟಕ್ಕೇ ತಂದು ಅಂಟಿಸಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆದ ತೀರ್ಮಾನ ಆರು ತಿಂಗಳಲ್ಲಿ ಯಾರಿಗೂ ಸಿಗುವುದಿಲ್ಲ, ಗುಂಪಿನಲ್ಲಿಲ್ಲದವರಿಗೆ ಅದು ಮೊದಲಿಂದಲೂ ಸಿಕ್ಕಿರುವುದಿಲ್ಲ.

ಅಧಿಕಾರದ ಮಾತಿಗೆ ಬರೋಣ. ಪುಟ ಅಳಿಸುವ, ಬೀಗ ಹಾಕುವ, ತಂಟೆಕೋರರನ್ನು ತಡೆಯುವ ಹಕ್ಕು ಇರುವವರು ನಿರ್ವಾಹಕರು. ಆ ಹಕ್ಕು ಇದೆಯೆಂದು ಅವರ ವರ್ಗವೇ ಸರಿ ಎಂದೇನೂ ಆಗುವುದಿಲ್ಲ. ತಾವು ಒಂದು ಪಕ್ಷವಾಗಿರುವ ಜಗಳದಲ್ಲಿ ನಿರ್ವಾಹಕರು ಬೀಗ ಮುಟ್ಟಬಾರದು, ಇನ್ನೊಬ್ಬ ನಿರ್ವಾಹಕರನ್ನು ಕರೆಯಬೇಕು. ಚಿಕ್ಕ ಭಾಷೆಗಳಲ್ಲಿ ಇದು ಎಷ್ಟು ಕೆಡಬಹುದು ಎನ್ನಲು ಎರಡು ಉದಾಹರಣೆ ಸಾಕು. 2020ರ ಆಗಸ್ಟ್‌ನಲ್ಲಿ ಬಯಲಾದ ಸಂಗತಿ: ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಸೃಷ್ಟಿಸಿದ್ದು ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹದಿಹರೆಯದ ಹುಡುಗ, ಮತ್ತು ಅವನು ಅಲ್ಲಿನ ನಿರ್ವಾಹಕನೂ ಆಗಿದ್ದ. ದುರುದ್ದೇಶವೇನೂ ಇರಲಿಲ್ಲ, ಶ್ರದ್ಧೆಯಿಂದಲೇ ಮಾಡಿದ್ದ. ವರ್ಷಗಟ್ಟಲೆ ಯಾರೂ ಪಕ್ಕದಲ್ಲಿ ಕೂತು ಓದಲಿಲ್ಲ, ಅಷ್ಟೇ. ಕ್ರೊಯೇಷಿಯನ್ ವಿಕಿಪೀಡಿಯದ್ದು ದುರುದ್ದೇಶದ ಕಥೆ. ಅಲ್ಲಿ ಒಂದೇ ಮನೋಧರ್ಮದ ನಿರ್ವಾಹಕರ ಕೂಟ ಸುಮಾರು ಒಂದು ದಶಕ ಇತಿಹಾಸದ ಪುಟಗಳನ್ನು ತಮಗೆ ಬೇಕಾದ ಹಾಗೆ ತಿರುಚಿ, ಒಪ್ಪದವರನ್ನು ಹೊರಗಿಟ್ಟಿತು ಎಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿ ಹೇಳಿತು.

ಹಾಗಾಗಿ ಹುದ್ದೆಗೆ ಅವಧಿ ಇರಲಿ. ವಿಕಿಮೀಡಿಯದ ಚಿಕ್ಕ ವಿಕಿಗಳಲ್ಲಿ ಸ್ಟೀವರ್ಡರು (ಎಲ್ಲ ವಿಕಿಗಳಲ್ಲೂ ಹಕ್ಕು ಕೊಡುವ, ತೆಗೆಯುವ ಅಧಿಕಾರವುಳ್ಳವರು) ನಿರ್ವಾಹಕತ್ವವನ್ನು ಹಲವು ಸಲ ಇಂತಿಷ್ಟು ತಿಂಗಳಿಗೆಂದೇ ಕೊಡುತ್ತಾರೆ, ಅವಧಿ ಮುಗಿದಾಗ ಬಳಗವನ್ನು ಮತ್ತೆ ಕೇಳಬೇಕು. ಎರಡು ವರ್ಷ ಯಾವ ತಿದ್ದುಗೆಯನ್ನೂ ಮಾಡದವರ ಹಕ್ಕನ್ನು ಪರಿಶೀಲಿಸಿ ತೆಗೆಯುವ ಪದ್ಧತಿಯೂ ಇದೆ. ನಮ್ಮ ಕಡೆ ಇದನ್ನು ಅವಮಾನವೆಂದು ತೆಗೆದುಕೊಳ್ಳುವವರಿದ್ದಾರೆ. ‘ಇಷ್ಟು ವರ್ಷ ದುಡಿದ ಹಿರಿಯರು, ಹೇಗೆ ಹೇಳುವುದು’ ಎಂಬ ಸಂಕೋಚಕ್ಕೆ ತಾಣವೇ ಬೆಲೆ ತೆರುತ್ತದೆ. ನಿಯಮ ಮೊದಲೇ ಬರೆದಿದ್ದರೆ ಯಾರಿಗೂ ಏನೂ ಹೇಳಬೇಕಾಗಿ ಬರುವುದಿಲ್ಲ, ತಾರೀಕು ತಾನೇ ಹೇಳುತ್ತದೆ.

ಹರಪನಹಳ್ಳಿ ಪರೀಕ್ಷೆ

ನಿಮ್ಮ ವ್ಯವಸ್ಥೆ ಗಟ್ಟಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆ ಹೇಳುತ್ತೇನೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು, ಆಮೇಲೆ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಹಂಪಿಯೂ ಅದೇ ವರ್ಷ ಬಳ್ಳಾರಿಯಿಂದ ಹೊರಬಿತ್ತು. ಈಗ ನಿಮ್ಮ ತಾಣದಲ್ಲಿ ಹರಪನಹಳ್ಳಿಗೆ, ಅಲ್ಲಿನ ಹಳ್ಳಿ, ಕೆರೆ, ದೇವಸ್ಥಾನ, ವ್ಯಕ್ತಿಗಳಿಗೆ ಸಂಬಂಧಿಸಿದ ಪುಟಗಳನ್ನೆಲ್ಲ ಹೊಸ ಜಿಲ್ಲೆಗೆ ಸಾಗಿಸಬೇಕು. ಎಷ್ಟು ದಿನ ಬೇಕು, ಯಾರು ಮಾಡುತ್ತಾರೆ?

ವರ್ಗದ ಪುಟದ ಹೆಸರು ಬದಲಿಸಿದರೆ ಲೇಖನಗಳು ತಾವಾಗಿ ಹಿಂದೆ ಬರುವುದಿಲ್ಲ, ಪ್ರತಿಯೊಂದನ್ನೂ ತೆರೆದು ತಿದ್ದಬೇಕು. ನೂರಿನ್ನೂರು ಪುಟಗಳಾದರೆ ಬಾಟ್ ಎಂಬ ಸ್ವಯಂಚಾಲಿ ಖಾತೆಯಿಂದ ಮಾಡಿಸಬಹುದು. ಆದರೆ ಬಾಟ್‌ಗೆ ಬಳ್ಳಾರಿಯಲ್ಲೇ ಉಳಿದ ಸಂಡೂರು ಯಾವುದು, ಹೊರಟ ಕೂಡ್ಲಿಗಿ ಯಾವುದು ಎಂದು ಹೇಳಿಕೊಡುವವರು ಬೇಕು. ಜಿಲ್ಲೆಯ ಮಾಹಿತಿ ಪೆಟ್ಟಿಗೆಯ ಟೆಂಪ್ಲೇಟಿನಿಂದಲೇ (ಹಲವು ಪುಟಗಳು ಬಳಸುವ ಒಂದೇ ಅಚ್ಚಿನಿಂದಲೇ) ವರ್ಗ ಬೀಳುವ ಏರ್ಪಾಡಿದ್ದರೆ ಒಂದು ಕಡೆ ತಿದ್ದಿ ಸಾವಿರ ಪುಟ ಬದಲಿಸಬಹುದು. ಒಂದು ಕಡೆ ತಪ್ಪಿದರೆ ಸಾವಿರ ಪುಟ ಕೆಡುತ್ತದೆ, ಆದ್ದರಿಂದ ಅಂಥ ಟೆಂಪ್ಲೇಟಿಗೆ ಬೀಗವಿರಲಿ. ನೀತಿಯ ಪ್ರಶ್ನೆಯೂ ಇದೆ. ಹರಪನಹಳ್ಳಿಯಲ್ಲಿ 1960ರಲ್ಲಿ ಹುಟ್ಟಿ, ವಿಜಯನಗರ ಜಿಲ್ಲೆ ಎಂಬುದನ್ನು ಕೇಳುವ ಮೊದಲೇ ತೀರಿಕೊಂಡವರನ್ನು ಎಲ್ಲಿ ಸೇರಿಸುವುದು? ನನ್ನ ಸಲಹೆ, ಊರು ಇಂದು ಯಾವ ಜಿಲ್ಲೆಯಲ್ಲಿದೆಯೋ ಅಲ್ಲೇ ವರ್ಗ. ಹಳೆಯ ಜಿಲ್ಲೆಯ ಮಾತು ಲೇಖನದ ಒಳಗೆ. ಇತಿಹಾಸಕ್ಕೆ ಸಂಬಂಧಿಸಿದ ತಾಣವಾದರೆ ನೀವು ಇದರ ವಿರುದ್ಧ ನಿಯಮವನ್ನೂ ಮಾಡಿಕೊಳ್ಳಬಹುದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ರಾಜ್ಯ ಸಂಪುಟ ಒಪ್ಪಿದಾಗ ಇದೇ ಕೆಲಸ ಇನ್ನೊಂದು ರೂಪದಲ್ಲಿ ಎದುರಾಯಿತು.

ಇಂಥ ದೊಡ್ಡ ಸಾಗಾಟ ಮುಗಿದ ಮೇಲೆ ವರ್ಗದ ಪುಟದ ತಲೆಯಲ್ಲಿ ನಾಲ್ಕು ಸಾಲು ಬರೆಯುವುದನ್ನು ಮರೆಯಬೇಡಿ. ಇಲ್ಲಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಯಾವ ಚರ್ಚೆಯಲ್ಲಿ ತೀರ್ಮಾನವಾಯಿತು, ಸದ್ಯ ನೋಡಿಕೊಳ್ಳುತ್ತಿರುವ ಇಬ್ಬರ ಬಳಕೆಹೆಸರು ಯಾವುದು. ಆ ಇಬ್ಬರಲ್ಲಿ ಒಬ್ಬರು ಕೆಲಸ ಬಿಡುವಾಗ ತಮ್ಮ ಹೆಸರನ್ನು ತಾವೇ ಅಳಿಸಿ ಹೋಗಲಿ. ಮೂರು ತಿಂಗಳವರೆಗೆ ಆ ಜಾಗ ತುಂಬದಿದ್ದರೆ ವರ್ಗವನ್ನು ಅದರ ಮೇಲಿನ ವರ್ಗದೊಳಗೆ ಮಡಿಸಿಬಿಡಿ. ಕೈಗಳು ಸಿಕ್ಕಾಗ ಮತ್ತೆ ಬಿಡಿಸಬಹುದು.